ಜಾಝ್ ಪಿಯಾನೊ: ರಾಗ ಕೆಡದಂತೆ ಕಾರ್ಡ್ ಜೋಡಣೆ

ಏಕಕಾಲಕ್ಕೆ ನುಡಿಸುವ ಸ್ವರಗಳ ಗುಂಪೇ ಕಾರ್ಡ್. ಅದರಲ್ಲಿ ಯಾವ ಸ್ವರ ಇರಬೇಕು, ಯಾವುದು ಕೆಳಗೆ, ಯಾವುದು ಮೇಲೆ ಎಂಬ ಆಯ್ಕೆಗೆ ವಾಯ್ಸಿಂಗ್ ಎನ್ನುತ್ತಾರೆ. ಆಧಾರ ಸ್ವರವನ್ನು ಬಾಸ್ ವಾದಕರಿಗೆ ಬಿಟ್ಟು, ಕಾರ್ಡಿನ ಗುಣವನ್ನು ತೋರುವ ಮೂರನೆಯ ಮತ್ತು ಏಳನೆಯ ಸ್ವರಗಳನ್ನು ಪಿಯಾನೊದಲ್ಲಿ ಉಳಿಸಿಕೊಳ್ಳುವುದು ಜಾಝ್‌ನಲ್ಲಿ ಸಾಮಾನ್ಯ.

ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಅವರೊಂದಿಗೆ 1983ರಲ್ಲಿ ‘ಜ್ಯೋತಿ’ಯನ್ನು ಧ್ವನಿಮುದ್ರಿಸಿತು. ಇಂತಹ ರಾಗ–ಜಾಝ್ ಸಂಗಮಕ್ಕೆ ಪಿಯಾನೊ ಸೇರಿದರೆ ಜೋಡಣೆಯಲ್ಲಿ ಮತ್ತಷ್ಟು ಎಚ್ಚರ ಬೇಕು.

ಮೈಲ್ಸ್ ಡೇವಿಸ್ ಅವರ ‘ಸೋ ವಾಟ್’ನಲ್ಲಿ (1959) ಬಿಲ್ ಇವಾನ್ಸ್ ನುಡಿಸಿದ ಜೋಡಣೆಯಲ್ಲಿ ಕೆಳಗಿನಿಂದ ಷಡ್ಜ–ಶುದ್ಧ ಮಧ್ಯಮದಷ್ಟು ಮೂರು ಅಂತರಗಳು, ಮೇಲೆ ಷಡ್ಜ–ಅಂತರ ಗಾಂಧಾರದಷ್ಟು ಒಂದು ಅಂತರವಿದೆ. ಇದನ್ನೇ ಧೈವತದಿಂದ ಆರಂಭಿಸಿದರೆ ಧ–ರಿ–ಪ–ಸ–ಗ, ಅಂದರೆ ಮೋಹನ ರಾಗದ ಐದೂ ಸ್ವರಗಳು ದೊರೆಯುತ್ತವೆ. ಗಾಂಧಾರದಿಂದ ಆರಂಭಿಸಿದರೆ ಮೋಹನಕ್ಕೆ ಸಲ್ಲದ ನಿಷಾದ ನುಸುಳಿ, ರಾಗದ ಸ್ವರೂಪವೇ ಕೆಡುತ್ತದೆ.