ಜಪಾನಿಗೆ ಮೊದಲು ಹೋದದ್ದು ಹತ್ತಿ

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ರಜೆಯ ಮಾತು ಬಂದಾಗ ಗೋವಾ, ಊಟಿ, ಕಾಶಿಗಳ ಸಾಲಿಗೆ ಜಪಾನಿನ ಹೆಸರೂ ಸೇರತೊಡಗಿ ಬಹಳ ವರ್ಷಗಳೇನೂ ಆಗಿಲ್ಲ. ಇಷ್ಟು ತಡವೇಕಾಯಿತು ಎಂದರೆ ಸಿದ್ಧ ಉತ್ತರವೊಂದಿದೆ: ನಮ್ಮವರು ಕಡಲಿಗೆ ಅಂಜುವ ಮಂದಿ, ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ಶಾಸ್ತ್ರ ಹೇಳಿತ್ತು, ಆ ಅಂಜಿಕೆ ಕಳೆಯಲು ನೂರು ವರ್ಷ ಬೇಕಾಯಿತು. ಕೇಳಲು ಚೆನ್ನಾಗಿರುವ ಈ ಉತ್ತರ ಈ ಊರುಗಳ ಚರಿತ್ರೆಗೆ ಮಾತ್ರ ಹೊಂದುವುದಿಲ್ಲ. ಇಲ್ಲಿನ ಸಾಮಾನ್ಯ ಸಂಸಾರವನ್ನು ಪೂರ್ವದ ದ್ವೀಪಗಳಿಂದ ದೂರವಿಟ್ಟದ್ದು ಮಡಿಗಿಂತ ಹೆಚ್ಚಾಗಿ ಡಾಲರು. ಶಾಸ್ತ್ರದ ಬೇಲಿಗೆ ಸಂದಿಗಳಿದ್ದವು, ಸರಕಾರದ ಬೇಲಿಗೆ ಇರಲಿಲ್ಲ.

ಮೊದಲು ಹತ್ತಿಯ ಕತೆ. ಧಾರವಾಡದ ಎರೆ ಭೂಮಿಯ ಹತ್ತಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಧಾರವಾಡದ ಹೆಸರೇ ಇರಲಿಲ್ಲ, ಅದು 'ಕುಮಟಾ' ಹತ್ತಿ. ಬೆಳೆದದ್ದು ಇಲ್ಲಿ, ಚಕ್ಕಡಿಗಳಲ್ಲಿ ಘಟ್ಟ ಇಳಿದು ಹಡಗು ಹತ್ತಿದ್ದು ಕುಮಟೆಯ ಬಂದರಿನಲ್ಲಿ, ಕೊಂಡವನಿಗೆ ಗೊತ್ತಿದ್ದದ್ದು ಬಂದರಿನ ಹೆಸರು ಮಾತ್ರ. 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯನ್ನು ಇಲ್ಲಿ ಬಿತ್ತಿ ನೋಡಿದರು. ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ಅಮೆರಿಕದ ತೋಟಗಾರನೊಬ್ಬನ ಮೇಲ್ವಿಚಾರಣೆಯ ಪ್ರಾಯೋಗಿಕ ಹೊಲವೇ ಇತ್ತು. ಆ ತಳಿ ಒಗ್ಗಿಕೊಂಡು 'ಧಾರವಾಡ-ಅಮೆರಿಕನ್' ಎನಿಸಿಕೊಂಡಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು ಹುಬ್ಬಳ್ಳಿ ಜಂಕ್ಷನ್ ಆದ ಮೇಲೆ ಚಕ್ಕಡಿಯ ಕೆಲಸ ರೈಲಿಗೆ ಹೋಯಿತು, ಕುಮಟೆ ಸೊರಗಿತು. ಇದೇ ಹೊತ್ತಿಗೆ ಜಪಾನಿನ ನೂಲಿನ ಗಿರಣಿಗಳಿಗೆ ಹತ್ತಿಯ ಹಸಿವು ಹೆಚ್ಚುತ್ತಿತ್ತು. 1893ರಲ್ಲಿ ಜಮ್‌ಶೇಟ್‌ಜಿ ಟಾಟಾ ಜಪಾನಿಗೆ ಹೋದರು. ಅದೇ ವರ್ಷ ನಿಪ್ಪಾನ್ ಯೂಸೆನ್ ಕೈಶಾ ಎಂಬ ಜಪಾನಿ ಹಡಗು ಕಂಪನಿ ಟಾಟಾ ಜೊತೆಗೂಡಿ ಕೋಬೆ-ಮುಂಬಯಿ ನಡುವೆ ಹಡಗು ಓಡಿಸಿತು. ಅಲ್ಲಿಯವರೆಗೆ ಈ ಸಾಗಣೆಯ ಬಾಡಿಗೆಯನ್ನು ಐರೋಪ್ಯ ಕಂಪನಿಗಳು ತಾವೇ ಕೂಡಿ ನಿರ್ಧರಿಸುತ್ತಿದ್ದವು.

ಮುಂದಿನ ನಲವತ್ತು ವರ್ಷಗಳಲ್ಲಿ ಭಾರತದ ಹತ್ತಿಗೆ ಜಪಾನ್ ಅತಿ ದೊಡ್ಡ ಗಿರಾಕಿಯಾಯಿತು. ಮುಂಬಯಿ ಪೇಟೆ ಸೇರಿದ ಮೇಲೆ ಇಂಥ ಬೇಲು ಇಂಥ ಹೊಲದ್ದೆಂದು ಹೇಳಲಾಗದು, ನಿಜ. ಆದರೆ ಆ ಪೇಟೆಯ ದರವೇ ಇಲ್ಲಿನ ಅಡತಿ ಅಂಗಡಿಯ ದರ. 1933ರಲ್ಲಿ ಬ್ರಿಟಿಷ್ ಸರಕಾರ ಜಪಾನಿ ಬಟ್ಟೆಯ ಮೇಲಿನ ಸುಂಕವನ್ನು ಶೇಕಡಾ 75ಕ್ಕೆ ಏರಿಸಿದಾಗ ಜಪಾನಿನ ಗಿರಣಿಗಳು ಭಾರತದ ಹತ್ತಿಯನ್ನೇ ಬಹಿಷ್ಕರಿಸಿದವು. ಸಿಮ್ಲಾ, ದೆಹಲಿಗಳಲ್ಲಿ ತಿಂಗಳುಗಟ್ಟಲೆ ಮಾತುಕತೆ ನಡೆದು 1934ರಲ್ಲಿ ಒಪ್ಪಂದವಾಯಿತು: ಜಪಾನ್ ವರ್ಷಕ್ಕೆ 10 ಲಕ್ಷ ಬೇಲು ಹತ್ತಿ ಕೊಂಡರೆ 32.5 ಕೋಟಿ ಗಜ ಬಟ್ಟೆ ಮಾರಬಹುದು, 15 ಲಕ್ಷ ಬೇಲು ಕೊಂಡರೆ 40 ಕೋಟಿ ಗಜ. ಹತ್ತಿ ಬೆಳೆಯುವ ಸೀಮೆಯ ರೈತನೊಬ್ಬ ಟೋಕಿಯೋವನ್ನು ಕನಸಿನಲ್ಲೂ ಕಾಣದಿರಬಹುದು. ಮಗಳ ಮದುವೆ ಈ ವರ್ಷವೋ ಮುಂದಿನ ವರ್ಷವೋ ಎಂಬುದು ಮಾತ್ರ ಸ್ವಲ್ಪ ಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತಿತ್ತು.

ಸರಕು ಹೋದದ್ದು ಬೇರೆ, ಮನುಷ್ಯ ಹೋಗುವುದು ಬೇರೆ. ನಿಷೇಧವಿದ್ದದ್ದು ಮನುಷ್ಯನಿಗಲ್ಲವೆ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕರ್ಮಗಳ ಪಟ್ಟಿಗೆ ಸೇರಿಸಿದೆ. 1888ರಲ್ಲಿ ಲಂಡನ್ನಿಗೆ ಹೊರಟ ಗಾಂಧೀಜಿಗೆ ಅವರ ಜಾತಿಯವರು ಮುಂಬಯಿಯಲ್ಲಿ ಬಹಿಷ್ಕಾರ ಹಾಕಿದ್ದು ಎಲ್ಲರಿಗೂ ಗೊತ್ತು. ಆದರೆ ಇದೇ ಸೀಮೆಯ ಐಹೊಳೆಯಿಂದ ಹೆಸರು ಪಡೆದ 'ಅಯ್ಯಾವೊಳೆ ಐನೂರ್ವರು' ವರ್ತಕ ಸಂಘದ ಶಾಸನ ಸುಮಾತ್ರಾ ದ್ವೀಪದಲ್ಲಿ ಸಿಕ್ಕಿದೆ, ಕಾಲ 1088. ಶಾಸನದ ಭಾಷೆ ತಮಿಳು, ಅಲ್ಲಿಗೆ ಹೋದವರೆಲ್ಲ ಕನ್ನಡಿಗರೆಂದು ಬೀಗಬೇಕಾಗಿಲ್ಲ. ಆದರೂ ಆ ಸಂಘಕ್ಕೆ ಕಡಲು ಅಡ್ಡಿಯಾಗಿರಲಿಲ್ಲ ಎಂಬುದು ಸ್ಪಷ್ಟ. ಇನ್ನು 1898ರಲ್ಲಿ ಜಪಾನ್ ನೋಡಿಬಂದ ಎಂ. ವಿಶ್ವೇಶ್ವರಯ್ಯನವರು ಆಗ ಮುಂಬಯಿ ಪ್ರಾಂತದ ಎಂಜಿನಿಯರ್; ಧಾರವಾಡವೂ ಅದೇ ಪ್ರಾಂತದ್ದು. ವೈದಿಕ ಬ್ರಾಹ್ಮಣ ಮನೆತನದ ನೌಕರರೊಬ್ಬರು ಪೂರ್ವದ ದ್ವೀಪದ ಶಾಲೆ-ಕೈಗಾರಿಕೆಗಳನ್ನು ಕಣ್ಣಾರೆ ಕಂಡುಬಂದ ಆ ಯಾತ್ರೆಗೆ ಈಗ ನೂರಿಪ್ಪತ್ತೈದು ವರ್ಷ ದಾಟಿದೆ. ಅವರು ಅಪವಾದ ಎನ್ನುವುದಾದರೆ ಒಪ್ಪೋಣ. ಆದರೆ ಅಪವಾದಕ್ಕೆ ಎಡೆಯಿತ್ತು ಎಂಬುದೇ ಇಲ್ಲಿನ ವಾದ. ಗಾಂಧೀಜಿಯೂ ಮರಳಿ ಬಂದು ನಾಸಿಕದಲ್ಲಿ ಶುದ್ಧಿ ಮಾಡಿಸಿಕೊಂಡರು. ಪ್ರಾಯಶ್ಚಿತ್ತಕ್ಕೊಂದು ದರವಿತ್ತು, ಕೊಟ್ಟರೆ ಬಾಗಿಲು ತೆರೆಯುತ್ತಿತ್ತು.

ನಿಷೇಧಕ್ಕಿಂತ ಬಲವಾಗಿದ್ದದ್ದು ದಿಕ್ಕು. ಧಾರವಾಡದ ಓದಿದವರ ಹಡಗು ಪಶ್ಚಿಮಕ್ಕೆ ಹೋಗುತ್ತಿತ್ತು. ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಆ ಪಯಣ ಕನ್ನಡಕ್ಕೆ 'ಸಮುದ್ರ ಗೀತೆಗಳು' ಮತ್ತು 'ಸಮುದ್ರದಾಚೆಯಿಂದ' ಎಂಬ ಕೃತಿಗಳನ್ನು ಕೊಟ್ಟಿತು. ಹತ್ತಿ ಪೂರ್ವಕ್ಕೆ, ವಿದ್ಯೆ ಪಶ್ಚಿಮಕ್ಕೆ. ಪದವಿ, ನೌಕರಿ, ಮಾನ ಎಲ್ಲವೂ ಲಂಡನ್ನಿನ ಮುದ್ರೆಯಿಂದ ಸಿಗುತ್ತಿದ್ದಾಗ ಕೋಬೆಗೆ ಹೋಗಿ ಏನು ಮಾಡಬೇಕಿತ್ತು? ಸುಮ್ಮನೆ ನೋಡಿ ಬರುವುದು ಎಂಬ ಉದ್ದೇಶ ಆಗಿನ್ನೂ ಯಾತ್ರೆಗೆ ಮೀಸಲಾಗಿತ್ತು. ಬುತ್ತಿ ಕಟ್ಟಿಕೊಂಡು ಹೊರಟರೆ ಪಂಢರಪುರ, ಶ್ರೀಶೈಲ, ಹೆಚ್ಚೆಂದರೆ ಕಾಶಿ-ರಾಮೇಶ್ವರ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ನೌಕರರ ಪಾಸು ಮತ್ತು 1956ರಲ್ಲಿ ಕೇಂದ್ರ ನೌಕರರಿಗೆ ಬಂದ ರಜಾ-ಪ್ರಯಾಣದ ಸವಲತ್ತಾದ ಎಲ್‌ಟಿಸಿ ಆ ಯಾತ್ರೆಯನ್ನು ಮೆಲ್ಲಗೆ ಪ್ರವಾಸವಾಗಿಸಿದವು. ಎರಡೂ ದೇಶದ ಗಡಿಯೊಳಗೇ ನಿಲ್ಲುತ್ತಿದ್ದವು.

ಬೇಲಿ ನಿಜವಾಗಿ ಬಿಗಿಯಾದದ್ದು ಸ್ವಾತಂತ್ರ್ಯದ ನಂತರ. 1947ರ ವಿದೇಶಿ ವಿನಿಮಯ ಕಾಯ್ದೆ 1973ರಲ್ಲಿ ಇನ್ನಷ್ಟು ಗಡುಸಾಯಿತು. ಜೇಬಿನಲ್ಲಿ ಎಂಟೇ ಡಾಲರ್ ಇಟ್ಟುಕೊಂಡು ದೇಶ ಬಿಟ್ಟೆವೆಂದು ಆ ಕಾಲದ ವಿದ್ಯಾರ್ಥಿಗಳು ಇಂದಿಗೂ ಹೇಳುತ್ತಾರೆ. ಎಂಟು ಡಾಲರಿನಲ್ಲಿ ಓದಲು ಹೋಗಬಹುದು, ಅಲ್ಲಿ ಶಿಷ್ಯವೇತನ ಕಾದಿರುತ್ತದೆ. ಹೆಂಡತಿ-ಮಕ್ಕಳೊಡನೆ ರಜೆ ಕಳೆಯಲು ಸಾಧ್ಯವೆ? ಪಾಸ್‌ಪೋರ್ಟ್ ಕೊಡುವುದು ಸರಕಾರದ ಮರ್ಜಿ ಎಂಬ ಸ್ಥಿತಿಯಿತ್ತು. ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಷ್ಟೇ, ಅದೇ ವರ್ಷ, ಪಾಸ್‌ಪೋರ್ಟ್ ಕಾಯ್ದೆ ಬಂತು.

ಈ ವಾದಕ್ಕೆ ಒಳ್ಳೆಯ ಸಾಕ್ಷಿ ಜಪಾನೇ. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಆಳುತ್ತಿದ್ದ ತೊಕುಗಾವಾ ಶೋಗುನರು ದೇಶ ಬಿಟ್ಟು ಹೋದವರಿಗೆ ಮರಣದಂಡನೆ ವಿಧಿಸಿದ್ದರು. ಆ ನಿಷೇಧ ಸಡಿಲವಾದದ್ದು 1866ರಲ್ಲಿ. ಆದರೆ ಜಪಾನಿನ ಸಾಮಾನ್ಯ ಸಂಸಾರ ಸುತ್ತಾಡಲೆಂದು ಹೊರದೇಶಕ್ಕೆ ಹೋಗಲು ಅನುಮತಿ ಸಿಕ್ಕಿದ್ದು 1964ರ ಏಪ್ರಿಲ್ 1ರಂದು, ಅದೂ ವರ್ಷಕ್ಕೊಮ್ಮೆ, 500 ಡಾಲರ್ ಮಿತಿಯಲ್ಲಿ. ಧರ್ಮದ ಭಯವಾಗಲಿ ಶೋಗುನನ ಕತ್ತಿಯಾಗಲಿ ಆಗ ಇರಲಿಲ್ಲ. ಇದ್ದದ್ದು ಬರಿದಾದ ಡಾಲರ್ ಪೆಟ್ಟಿಗೆ. ನಮ್ಮಲ್ಲಿ ಅದೇ ಬಾಗಿಲು ತೆರೆಯಲು ಇನ್ನೂ ನಾಲ್ಕು ದಶಕ ಹಿಡಿಯಿತು: 2000ದ ಜೂನ್‌ನಲ್ಲಿ ಹಳೆಯ ವಿನಿಮಯ ಕಾಯ್ದೆಯ ಜಾಗಕ್ಕೆ ಸಡಿಲವಾದ ಫೆಮಾ ಬಂತು, 2004ರಲ್ಲಿ ರಿಸರ್ವ್ ಬ್ಯಾಂಕ್ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಲು ಬಿಟ್ಟಿತು, ಈಗ ಆ ಮಿತಿ ಎರಡೂವರೆ ಲಕ್ಷ. ಪಾಸ್‌ಪೋರ್ಟ್ ಸೇವಾ ಕೇಂದ್ರ 2010ರ ಪ್ರಾಯೋಗಿಕ ಹಂತದಲ್ಲೇ ಹುಬ್ಬಳ್ಳಿಗೆ ಬಂತು. ಬಾಗಿಲು ತೆರೆದ ಕೂಡಲೇ ಜನ ಹೊರಟರು. ಅಡ್ಡಿ ಮನಸ್ಸಿನಲ್ಲಿದ್ದರೆ ಇಷ್ಟು ಬೇಗ ಹೊರಡುತ್ತಿದ್ದರೆ?

ಇದು ಹಣವಿದ್ದವರ ಶೋಕಿ, ಇದಕ್ಕೇಕೆ ಚರಿತ್ರೆ ಎನ್ನುವವರಿಗೆ ಒಂದೇ ಮಾತು: ಕಾಶಿಯಾತ್ರೆಯೂ ಒಂದು ಕಾಲಕ್ಕೆ ಉಳ್ಳವರದೇ ಆಗಿತ್ತು. ಇಂದಿನ ಅಡ್ಡಿಗಳು ಸಣ್ಣವು, ಆದರೆ ಹಟಮಾರಿ. ಸಕುರಾ ಹೂ ಅರಳುವುದು ಮಾರ್ಚ್ ಕೊನೆ, ಏಪ್ರಿಲ್ ಮೊದಲಿಗೆ. ಆಗ ನಮ್ಮ ಮಕ್ಕಳಿಗೆ ಪರೀಕ್ಷೆ. ಬೇಸಿಗೆ ರಜೆ ಸಿಕ್ಕಾಗ ಅಲ್ಲಿ ಏಪ್ರಿಲ್ ಕೊನೆಯ 'ಗೋಲ್ಡನ್ ವೀಕ್' ರಜೆ, ಜಪಾನೆಲ್ಲ ರೈಲಿನಲ್ಲಿ. ಜೂನ್-ಜುಲೈ ಮಳೆ, ಆಮೇಲೆ ಚಂಡಮಾರುತ. ಉಳಿಯುವುದು ದೀಪಾವಳಿಯ ಆಸುಪಾಸು, ಅಲ್ಲಿ ಎಲೆ ಕೆಂಪಾಗುವ ಕಾಲ. ಊಟದ ಚಿಂತೆ ದೊಡ್ಡದಲ್ಲ, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಬುತ್ತಿ ಹಾದಿಯಲ್ಲಿ ಕೆಡುವುದಿಲ್ಲ. ಹುಬ್ಬಳ್ಳಿಯಿಂದ ಹೊರದೇಶಕ್ಕೆ ನೇರ ವಿಮಾನ ಇನ್ನೂ ಇಲ್ಲ. ಟೋಕಿಯೋಗೆ ಹೊರಟವರು ಮೊದಲು ಬೆಂಗಳೂರಿನಂಥ ದೊಡ್ಡ ಊರನ್ನು ಸೇರಬೇಕು, ರಾತ್ರಿ ರೈಲಿನಲ್ಲಾದರೂ ಸರಿ.