ಕೋವಿಗೆ ಲೈಸೆನ್ಸ್ ಬೇಡ, ಫೋನಿಗೆ ಬೇಕು: ನೆಟ್‌ವರ್ಕ್ ಇಲ್ಲದ ಕೊಡಗಿನ ಕಥೆ

ಇವತ್ತಿನ ಎಪಿಸೋಡನ್ನು ಒಂದು ವಿಚಿತ್ರ ಸಂಗತಿಯಿಂದ ಶುರು ಮಾಡೋಣ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಮನೆಯಲ್ಲಿ ಕೋವಿ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಇದ್ದರೆ ಸಾಕು. ಆದರೆ ಅದೇ ಮನೆಯಲ್ಲಿ ಅನುಮತಿ ಇಲ್ಲದ ಒಂದು ಸ್ಯಾಟಲೈಟ್ ಫೋನ್ ಸಿಕ್ಕರೆ? ಪೊಲೀಸ್ ಕೇಸ್!

ಕೋವಿಗೂ ಫೋನಿಗೂ ಏನ್ ಸಂಬಂಧ ಅಂತೀರಾ? ಇದೆ. ಕೊಡಗಿನಲ್ಲಿ ಕೋವಿ ಬೇಟೆಗೆ, ಯುದ್ಧಕ್ಕೆ ಮಾತ್ರ ಇದ್ದದ್ದಲ್ಲ. ಅದು ಸುದ್ದಿ ಮುಟ್ಟಿಸೋ ಸಾಧನ ಕೂಡ ಆಗಿತ್ತು.

ಅಲ್ಲಿನ ಊರುಗಳನ್ನು ನೋಡಿದವರಿಗೆ ಗೊತ್ತು. ಬಯಲುಸೀಮೆಯ ಹಾಗೆ ಬೀದಿ, ಅಕ್ಕಪಕ್ಕ ಅಂಟಿಕೊಂಡ ಮನೆಗಳು ಇಲ್ಲ. ಈ ಗುಡ್ಡದಲ್ಲಿ ಒಂದು ಐನ್‌ಮನೆ, ಮಧ್ಯೆ ಗದ್ದೆ, ತೋಟ, ಆಚೆ ಗುಡ್ಡದಲ್ಲಿ ಇನ್ನೊಂದು ಮನೆ. ಕಕ್ಕಡ ತಿಂಗಳ ಮಳೆ ಹಿಡಿದರೆ ತೋಡು ದಾಟೋಕೂ ಆಗಲ್ಲ. ಹಾಗಿದ್ದಾಗ ಸುದ್ದಿ ಹೇಗೆ ಹೋಗಬೇಕು? ಗಂಡು ಮಗು ಹುಟ್ಟಿದರೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಎರಡು ಗುಂಡು. ಆ ಎರಡನೇ ಸದ್ದು ಕೇಳಿದ ಕೂಡಲೇ ಸುತ್ತಲಿನವರು ಕೆಲಸ ಬಿಟ್ಟು ಹೊರಡುತ್ತಿದ್ದರು. ಟವರ್ ಬೇಡ, ಕರೆಂಟ್ ಬೇಡ. ಒಂದೇ ಷರತ್ತು: ಸದ್ದಿನ ಅರ್ಥ ಎಲ್ಲರಿಗೂ ಗೊತ್ತಿರಬೇಕು.

1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. ಆದರೆ 1861ರಲ್ಲಿ ಕೊಡಗಿನವರಿಗೆ ವಿನಾಯಿತಿ ಸಿಕ್ಕಿತು. ಕಾರಣ ಪ್ರೀತಿಯಲ್ಲ, ನಂಬಿಕೆ: ಇವರು ನಮ್ಮ ವಿರುದ್ಧ ತಿರುಗಲ್ಲ ಅನ್ನುವ ಲೆಕ್ಕಾಚಾರ. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ.

ಈಗ ಕಾಲ ಸ್ವಲ್ಪ ಮುಂದೆ ಹೋಗೋಣ. ಲ್ಯಾಂಡ್‌ಲೈನ್ ಬಂತು, ಆಮೇಲೆ ಮೊಬೈಲ್ ಬಂತು. ಸುದ್ದಿಯೆಲ್ಲ ಕ್ರಮೇಣ ಒಂದೇ ದಾರಿಗೆ ಬಿತ್ತು. ಟವರ್‌ಗೆ ಕರೆಂಟ್ ಬೇಕು. ಕರೆಂಟ್ ಹೋದರೆ ಬ್ಯಾಟರಿ, ಅದು ಮುಗಿದರೆ ಡೀಸೆಲ್. ಡೀಸೆಲ್ ಬರೋಕೆ ರಸ್ತೆ ಬೇಕು. ಫೈಬರ್ ಕೇಬಲ್ ಬಹುತೇಕ ಅದೇ ರಸ್ತೆಯ ಪಕ್ಕದಲ್ಲೇ ಹೋಗಿರುತ್ತೆ. ಅಂದ್ರೆ ಗುಡ್ಡ ಜಾರಿ ರಸ್ತೆ ಹೋಯಿತು ಅಂದ್ರೆ ಎಲ್ಲವೂ ಒಟ್ಟಿಗೇ ಹೋಯಿತು.

2018ರ ಆಗಸ್ಟ್‌ನಲ್ಲಿ ಆದದ್ದು ಅದೇ. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹೆಬ್ಬೆಟ್ಟಗೇರಿ, ಜೋಡುಪಾಲ – ಒಂದೆರಡು ದಿನಗಳಲ್ಲಿ ಗುಡ್ಡಗಳು ಸಾಲಾಗಿ ಕುಸಿದವು. ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿಹೋಯಿತು. ರೈಲು ಇಲ್ಲದ ಜಿಲ್ಲೆ ಅದು, ರಸ್ತೆ ಹೋದರೆ ಬೇರೆ ದಾರಿ ಇಲ್ಲ. ಕರೆಂಟ್ ಕಂಬಗಳು ಉರುಳಿದವು, ಫೋನ್‌ಗಳು ಸತ್ತವು. ಬೆಂಗಳೂರಿನಲ್ಲಿ, ಗಲ್ಫ್‌ನಲ್ಲಿ ಕೂತ ಮಕ್ಕಳು ಅಪ್ಪ ಅಮ್ಮ ಎಲ್ಲಿದ್ದಾರೆ ಅಂತ ವಾಟ್ಸ್ಆ್ಯಪ್, ಫೇಸ್‌ಬುಕ್‌ನಲ್ಲಿ ಕೇಳುತ್ತಿದ್ದರು. ಸೇನೆ, ಎನ್‌ಡಿಆರ್‌ಎಫ್ ಬಂದವು. ಆದರೆ ಯಾವ ಗುಡ್ಡದಲ್ಲಿ ಎಷ್ಟು ಜನ ಇದ್ದಾರೆ ಅಂತ ಒಳಗಿಂದ ಹೇಳೋರು ಬೇಕಲ್ವಾ? ಆ ಮಾಹಿತಿ ಸಿಕ್ಕಿಬಿದ್ದವರ ಹತ್ತಿರ ಇತ್ತು. ಅವರ ಕೈಯಲ್ಲಿದ್ದ ಫೋನ್‌ನಲ್ಲಿ ಸಿಗ್ನಲ್ ಇರಲಿಲ್ಲ.

2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರು ಸೇರಿ ಐದು ಜನ ಮಣ್ಣಿನಡಿ ಸಿಲುಕಿದಾಗಲೂ ಕೆಳಗೆ ಭಾಗಮಂಡಲ ನೀರಿನಲ್ಲಿತ್ತು. ಮಳೆ, ಕುಸಿತ ಎರಡೂ ಇಲ್ಲದಾಗಲೂ ಕಥೆ ತುಂಬಾ ಬೇರೆ ಇರಲಿಲ್ಲ. 2021ರ ಲಾಕ್‌ಡೌನ್‌ನಲ್ಲಿ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ನೆಟ್‌ವರ್ಕ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಆನ್‌ಲೈನ್ ಪಾಠ ಮಾಡಿದ್ದು ನಿಮಗೆ ನೆನಪಿರಬಹುದು.

ಸರಿ, ಟವರ್ ಬೇಡದ ಫೋನ್ ಇದೆಯಲ್ಲ? ಇದೆ. ಇನ್‌ಮಾರ್‌ಸ್ಯಾಟ್ ಅನ್ನೋ ಸಂಸ್ಥೆ 1979ರಲ್ಲಿ ಶುರುವಾದದ್ದೇ ಸಮುದ್ರದ ಮಧ್ಯೆ ಇರುವ ಹಡಗುಗಳಿಗಾಗಿ. ಅದರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ನಿಮ್ಮ ಮಾತು ಮೇಲೆ ಹೋಗಿ ಕೆಳಗೆ ಬರೋಕೆ ಕಾಲು ಸೆಕೆಂಡ್ ಬೇಕು. ಭಾರತದಲ್ಲಿ ಇದರ ಭೂಕೇಂದ್ರ ಇರೋದು ಗಾಜಿಯಾಬಾದ್‌ನಲ್ಲಿ. ಅಂದ್ರೆ ಕಾಲೂರಿನಿಂದ ಮಡಿಕೇರಿಗೆ ಕರೆ ಮಾಡಿದರೆ ಮಾತು ಆಕಾಶಕ್ಕೆ ಹೋಗಿ, ದೆಹಲಿ ಪಕ್ಕ ಇಳಿದು, ವಾಪಸ್ ಕೊಡಗಿಗೆ ಬರುತ್ತೆ! ಈ ಫೋನ್‌ಗಳು ಬಳಸುವ ತರಂಗಕ್ಕೆ ಮಳೆಯ ಕಾಟ ಕಡಿಮೆ. ಆದರೆ ಆಕಾಶ ಕಾಣಬೇಕು. ಮನೆಯೊಳಗೆ, ದಟ್ಟ ಮರದ ಕೆಳಗೆ, ಕಡಿದಾದ ಕಣಿವೆಯಲ್ಲಿ ಕಷ್ಟ.

ಹಾಗಾದರೆ ಜನರಿಗೆ ಯಾಕೆ ಸಿಗಲ್ಲ? ನಮ್ಮಲ್ಲಿ 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ ಇದ್ದವು. ವೈರ್‌ಲೆಸ್ ಸಾಧನ ಇಟ್ಟುಕೊಳ್ಳೋಕೂ ಅನುಮತಿ ಬೇಕಿತ್ತು. 2008ರ ಮುಂಬೈ ದಾಳಿಯ ಉಗ್ರರು ತುರಾಯಾ ಸ್ಯಾಟಲೈಟ್ ಫೋನ್ ಬಳಸಿದ್ದು ಗೊತ್ತಾದ ಮೇಲೆ ಬಿಗಿ ಇನ್ನೂ ಹೆಚ್ಚಾಯಿತು. 2017ರಲ್ಲಿ ಬಿಎಸ್‌ಎನ್‌ಎಲ್ ಇನ್‌ಮಾರ್‌ಸ್ಯಾಟ್ ಸೇವೆ ಶುರು ಮಾಡಿದಾಗ ಮೊದಲು ಕೊಟ್ಟದ್ದು ಸರ್ಕಾರಿ ಸಂಸ್ಥೆಗಳಿಗೆ. ಈಗ ಹಳೆಯ ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದ್ದರೂ ಅನುಮತಿಯ ನಿಯಮ ಹೋಗಿಲ್ಲ. ಹಾಗಾಗಿ ದುಬೈನಿಂದ ಬರೋ ಅಣ್ಣನಿಗೆ ‘ಒಂದು ತುರಾಯಾ ತಗೊಂಡ್ ಬಾ’ ಅಂತ ದಯವಿಟ್ಟು ಹೇಳಬೇಡಿ. ಏರ್‌ಪೋರ್ಟ್‌ನಲ್ಲೇ ಸಿಕ್ಕಿಬೀಳ್ತಾರೆ.

ಭದ್ರತೆಯ ಭಯ ಸುಳ್ಳಲ್ಲ. ಆದರೆ ಇತಿಹಾಸ ಇನ್ನೊಂದು ಮಾತನ್ನೂ ಹೇಳುತ್ತೆ. ಕೋವಿಯ ಸಂದೇಶ ಕೆಲಸ ಮಾಡಿದ್ದು ಯಾಕೆ? ಕೋವಿ ಸಾವಾದ ಮನೆಯಲ್ಲೇ ಇತ್ತು, ಜಿಲ್ಲಾ ಕೇಂದ್ರದಲ್ಲಿ ಅಲ್ಲ. ಸ್ಯಾಟಲೈಟ್ ಫೋನ್ ಅಧಿಕಾರಿಯ ಕಚೇರಿಯಲ್ಲಿದ್ದರೆ ಕಚೇರಿಯವರು ದೆಹಲಿಗೆ ಮಾತಾಡಬಹುದು, ಸರಿ. ಕುಸಿದ ಗುಡ್ಡದ ಆಚೆ ಇರುವವರು ಏನು ಮಾಡಬೇಕು? ರಸ್ತೆ ಹೋದ ಮೇಲೆ ಫೋನ್ ಕಳಿಸೋಕೆ ಆಗಲ್ಲ. ಅದು ಮಳೆಗಾಲಕ್ಕೆ ಮುಂಚೆಯೇ ಆ ಕಡೆ ಇರಬೇಕು. ಎಲ್ಲರ ಕೈಗೆ ಬೇಡ. ಕುಸಿತದ ಅಪಾಯ ಇರೋ ಗ್ರಾಮ ಪಂಚಾಯಿತಿಗೆ ಒಂದು, ನೋಂದಣಿ ಮಾಡಿ, ಬಳಸೋಕೆ ಇಬ್ಬರಿಗೆ ಕಲಿಸಿ ಕೊಡಬಹುದಲ್ವಾ? 1861ರಲ್ಲಿ ಪರಕೀಯ ಸರ್ಕಾರ ಕೋವಿಯ ವಿಷಯದಲ್ಲಿ ಇಟ್ಟ ನಂಬಿಕೆಯನ್ನು ನಮ್ಮದೇ ಸರ್ಕಾರ ಒಂದು ಫೋನಿನ ವಿಷಯದಲ್ಲಿ ಇಡಬಾರದಾ?

2025ರಲ್ಲಿ ಸ್ಟಾರ್‌ಲಿಂಕ್‌ಗೂ ಭಾರತದಲ್ಲಿ ಪರವಾನಗಿ ಸಿಕ್ಕಿದೆ. ಒಳ್ಳೇದೇ. ಆದರೆ ಆ ಡಿಶ್‌ಗೂ ಕರೆಂಟ್ ಬೇಕು, ಜಡಿಮಳೆಯಲ್ಲಿ ಸಿಗ್ನಲ್ ದುರ್ಬಲವಾಗಬಹುದು. ಹಾಗಾಗಿ ಒಂದೇ ದಾರಿ ನೆಚ್ಚಿಕೊಳ್ಳೋದು ಮತ್ತೆ ಅದೇ ತಪ್ಪು.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ. ಈ ವಾರ ಮನೆಗೆ ಫೋನ್ ಮಾಡಿದಾಗ ಕೇಳಿ: ಸಿಗ್ನಲ್ ಹೋದರೆ ಯಾರ ಮನೆಗೆ ಹೋಗ್ತೀರಿ, ಎಲ್ಲಿ ಸೇರ್ತೀರಿ, ನಮಗೆ ಹೇಗೆ ಗೊತ್ತಾಗಬೇಕು? ಈ ಪ್ರಶ್ನೆಗೆ ಹಿಂದಿನವರ ಹತ್ತಿರ ಎರಡು ಗುಂಡಿನ ಉತ್ತರ ಇತ್ತು. ನಮ್ಮ ಉತ್ತರ ಏನು ಅಂತ ನೆಟ್‌ವರ್ಕ್ ಇರುವಾಗಲೇ ಮಾತಾಡಿಕೊಳ್ಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.