ಅಸಲಿ ರೂಪಾಯಿ, ನಕಲಿ ರೂಪಾಯಿ

ಎಡಗಡೆಯದು ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ. ತೂಕ ಒಂದು ತೊಲ, ಅಂದರೆ 11.66 ಗ್ರಾಂ, ನೂರಕ್ಕೆ 91.7 ಪಾಲು ಬೆಳ್ಳಿ. ಟಂಕಸಾಲೆಯಲ್ಲಿ ಉಕ್ಕಿನ ಅಚ್ಚುಗಳ ನಡುವೆ ಒತ್ತಿ ತಯಾರಿಸಿದ್ದು. ಮೇಲೆ 1862 ಎಂದಿದೆ, ಆದರೆ ಅದೇ ವರ್ಷದ್ದೆನ್ನಲಾಗದು: 1874ರಲ್ಲಿ ಬದಲಾಗುವವರೆಗೂ ಇದೇ ಇಸವಿಯನ್ನು ಒತ್ತುತ್ತಿದ್ದರು.

ಬಲಗಡೆಯದು ಎರಕ ಹೊಯ್ದ ನಕಲು, ಅಗ್ಗದ ಲೋಹಕ್ಕೆ ಬೆಳ್ಳಿಯ ಮುಲಾಮು. ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಮೈಮೇಲೆಲ್ಲ ಸಣ್ಣ ಗುಳಿಗಳಾಗಿವೆ.

ರಾಣಿಯ ಮುಖ ಬಿಟ್ಟು ಅಂಚು ನೋಡಿ. ಅಸಲಿಯ ಗೀರುಗಳು ಒತ್ತೊತ್ತಾಗಿ, ನೇರವಾಗಿವೆ. ನಕಲಿಯ ಅಂಚಿನ ಸುತ್ತ, ಅಚ್ಚಿನ ಎರಡು ಹೋಳು ಕೂಡಿದಲ್ಲಿ, ತೆಳುವಾದ ಗೆರೆಯಿದೆ. ಜಾಣ ಮೋಸಗಾರರು ಅದನ್ನು ಅರದಿಂದ ಉಜ್ಜಿ ಅಳಿಸುವುದೂ ಉಂಟು.

ಹಿಂದಿನ ಚಿನಿವಾರರು ನಾಣ್ಯವನ್ನು ಚಿಮ್ಮಿ ನಾದ ಕೇಳುತ್ತಿದ್ದರು. ಅಯಸ್ಕಾಂತವನ್ನೇ ನಂಬಬೇಡಿ, ತಾಮ್ರ, ಹಿತ್ತಾಳೆಯೂ ಅದಕ್ಕೆ ಅಂಟುವುದಿಲ್ಲ.